ಟಿ.ವಿ.ಯ ಚಿರತೆ, ಕಬ್ಬಿನ ಗದ್ದೆಯ ಚಿರತೆ



ಸಂಜೆಯ ಜಪಸರ ಮುಗಿದು ಊಟಕ್ಕೆ ಕೂರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಟಿ.ವಿ. ರಿಮೋಟಿಗಾಗಿ ಸಣ್ಣದೊಂದು ಯುದ್ಧ ನಡೆಯುತ್ತದೆ. ಅಜ್ಜಿಗೆ ಧಾರಾವಾಹಿ, ಮಗನಿಗೆ ಕ್ರಿಕೆಟ್, ಮೊಮ್ಮಕ್ಕಳಿಗೆ ಕಾರ್ಟೂನ್. ಈ ಯುದ್ಧದಲ್ಲಿ ಎಲ್ಲರೂ ಒಪ್ಪಿಕೊಳ್ಳುವ ಒಂದೇ ಒಂದು ಕಾರ್ಯಕ್ರಮವಿದೆ. ಅದು ಕಾಡುಪ್ರಾಣಿಗಳ ಸಾಕ್ಷ್ಯಚಿತ್ರ. ಅದರಲ್ಲಿ ಅತ್ತೆ ಸೊಸೆಯರ ಕುತಂತ್ರವಿಲ್ಲ, ಮಕ್ಕಳ ಕಣ್ಣು ಮುಚ್ಚಬೇಕಾದ ದೃಶ್ಯವಿಲ್ಲ. ಅದನ್ನು ನೋಡಬೇಡಿ ಎಂದು ಹೇಳುವವರಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅದನ್ನು ಹೇಗೆ ನೋಡಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವಲ್ಲ, ಈ ವಾರ ಅದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ಅರಿವೆಲ್ಲ ಇಂದ್ರಿಯಗಳಿಂದಲೇ ಆರಂಭವಾಗುತ್ತದೆ ಎಂದು ಸಂತ ತೋಮಾಸ್ ಅಕ್ವಿನಾಸರು ಅರಿಸ್ಟಾಟಲನ ದಾರಿಯಲ್ಲಿ ನಡೆದು ಕಲಿಸಿದರು. ಕಣ್ಣು, ಕಿವಿ, ಮೂಗು, ಚರ್ಮದ ಮೂಲಕ ಬಾರದೆ ಬುದ್ಧಿಗೆ ಯಾವುದೂ ತಲುಪದು. ಹಾಗಾದರೆ ಚಿತ್ರ ಸ್ಪಷ್ಟವಾದಷ್ಟೂ ಅರಿವು ಹೆಚ್ಚಬೇಕಲ್ಲವೇ? ಎಚ್.ಡಿ. ಟಿ.ವಿ. ಮಾರುವವರ ವಾದವೂ ಹೆಚ್ಚು ಕಡಿಮೆ ಇದೇ. ಇದರಲ್ಲಿ ಎಷ್ಟು ನಿಜ ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡೋಣ.

ರಂಗೋಲಿ ಹಾಕುವವರಿಗೆ ಇದು ಸುಲಭವಾಗಿ ಅರ್ಥವಾದೀತು. ಚುಕ್ಕಿಗಳು ಹೆಚ್ಚಿದಷ್ಟೂ ಚಿತ್ರ ನಯವಾಗುತ್ತದೆ. ಟಿ.ವಿ.ಯ ಚಿತ್ರವೂ ಚುಕ್ಕಿಗಳಿಂದಲೇ ಆದದ್ದು. ಭಾರತದಲ್ಲಿ 1982ರಲ್ಲಿ ಬಣ್ಣದ ದೂರದರ್ಶನ ಬಂದಾಗ ತೆರೆಯ ಮೇಲೆ ಕಾಣುತ್ತಿದ್ದ ಗೆರೆಗಳು 576. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 4 ಲಕ್ಷ ಚುಕ್ಕಿಗಳು. ಪೂರ್ಣ ಎಚ್.ಡಿ.ಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಹೆಚ್ಚು. 4ಕೆ ಎನ್ನುವುದರಲ್ಲಿ ಅದರ ನಾಲ್ಕರಷ್ಟು, ಸುಮಾರು 83 ಲಕ್ಷ. ಬಿ.ಬಿ.ಸಿ. ಸಂಸ್ಥೆ 2006ರಲ್ಲಿ ಪ್ರಸಾರ ಮಾಡಿದ 'ಪ್ಲಾನೆಟ್ ಅರ್ತ್' ಅದರ ಮೊದಲ ಎಚ್.ಡಿ. ಪ್ರಕೃತಿ ಸರಣಿ. ಹಕ್ಕಿಯ ಗರಿಯ ಎಳೆ ಎಳೆಯೂ ಮನೆಯ ನಡುಮನೆಗೆ ಬಂದದ್ದು ಅಲ್ಲಿಂದೀಚೆಗೆ.

ಆದರೆ ದೇವರು ಕೊಟ್ಟ ಕಣ್ಣಿಗೂ ಒಂದು ಮಿತಿಯಿದೆ. 43 ಅಂಗುಲದ ಎಚ್.ಡಿ. ಟಿ.ವಿ.ಯ ಚುಕ್ಕಿಗಳನ್ನು ಬಿಡಿಬಿಡಿಯಾಗಿ ಗುರುತಿಸಬೇಕಾದರೆ ಸಾಮಾನ್ಯ ದೃಷ್ಟಿಯವರು ಸುಮಾರು ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. ಅದೇ ಅಳತೆಯ 4ಕೆ ಟಿ.ವಿ.ಯ ಪೂರ್ತಿ ಸೂಕ್ಷ್ಮ ಕಾಣಬೇಕಾದರೆ ಮೂರು ಅಡಿಯೊಳಗೆ ಬರಬೇಕು. ನಾವು ಕೂರುವುದೋ ಎಂಟು ಹತ್ತು ಅಡಿ ಆಚೆ, ಗೋಡೆಗೆ ಒರಗಿಕೊಂಡು. ಆದುದರಿಂದ ಸಾಧಾರಣ ಅಳತೆಯ ಟಿ.ವಿ.ಗೆ 4ಕೆ ಬೇಕೆಂದು ಕಂತಿನ ಸಾಲ ಮಾಡುವ ಮೊದಲು ಅಳತೆಯ ಟೇಪು ಹಿಡಿದು ನೋಡುವುದು ಒಳ್ಳೆಯದು. ಇನ್ನೊಂದು ಮಾತು. ಎಚ್.ಡಿ. ಟಿ.ವಿ. ತಂದು ಅದಕ್ಕೆ ಹಳೆಯ ಸೆಟ್‌ಟಾಪ್ ಬಾಕ್ಸನ್ನು ಹಳದಿ, ಕೆಂಪು, ಬಿಳಿ ಪಿನ್ನಿನ ವೈರಿನಲ್ಲೇ ಜೋಡಿಸಿದರೆ ಬರುವುದು ಹಳೆಯ ಚಿತ್ರವೇ. ಬಾಕ್ಸೂ ವಾಹಿನಿಯೂ ಎಚ್.ಡಿ. ಆಗಿರಬೇಕು, ಎಚ್.ಡಿ.ಎಂ.ಐ. ಕೇಬಲ್ ಬೇಕು. ಅಂಗಡಿಯಲ್ಲಿ ಇಟ್ಟಿದ್ದ 'ವಿವಿಡ್' ಎಂಬ ಬಣ್ಣದ ಹೊಂದಾಣಿಕೆಯನ್ನೂ ಬದಲಾಯಿಸಿ. ಇಲ್ಲವಾದರೆ ಪರದೆಯ ಮೇಲಿನ ಕಾಡು ನಿಜವಾದ ಯಾವ ಕಾಡಿಗಿಂತಲೂ ಹಸಿರಾಗಿರುತ್ತದೆ.

ಇಷ್ಟು ಸರಿಪಡಿಸಿಕೊಂಡರೆ ಚಿತ್ರ ಸ್ಪಷ್ಟವಾಯಿತು. ಸ್ಪಷ್ಟವಾದದ್ದೆಲ್ಲ ಸತ್ಯವಾಯಿತೇ? ಪಾಠ ಆರಂಭವಾಗುವುದು ಇಲ್ಲಿ.

ನಮ್ಮದೇ ನಾಡಿನ ಉದಾಹರಣೆ ತೆಗೆದುಕೊಳ್ಳಿ. ಅಮೋಘವರ್ಷ ಹಾಗೂ ಕಲ್ಯಾಣ್ ವರ್ಮ ಅವರು ಕರ್ನಾಟಕ ಅರಣ್ಯ ಇಲಾಖೆಯ ಜೊತೆಗೂಡಿ ತೆಗೆದ 'ವೈಲ್ಡ್ ಕರ್ನಾಟಕ' 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂತು. ಇಂಗ್ಲಿಷಿನಲ್ಲಿ ಅದನ್ನು ನಿರೂಪಿಸಿದವರು ಸರ್ ಡೇವಿಡ್ ಆಟೆನ್‌ಬರೋ. ಅದೇ ವರ್ಷ ಜೂನ್ 5ರ ವಿಶ್ವ ಪರಿಸರ ದಿನದಂದು ಅದು ಡಿಸ್ಕವರಿ ವಾಹಿನಿಯ ಮೂಲಕ ಮನೆಮನೆಗೆ ಬಂದಾಗ ಕನ್ನಡದ ದನಿ ರಿಷಬ್ ಶೆಟ್ಟಿಯವರದು. ಕೊರೋನಾ ಭೀತಿಯಿಂದ ಜನ ಮನೆಯೊಳಗೇ ಇದ್ದ ದಿನಗಳವು. ಮರುವರ್ಷ ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಸಂದಿತು. ಹುಲಿ, ಆನೆ, ನೀರುನಾಯಿ, ಕಾಳಿಂಗಗಳನ್ನು ಇಷ್ಟು ಹತ್ತಿರದಿಂದ ನಮ್ಮ ಹಿರಿಯರು ಕಂಡಿರಲಿಲ್ಲ. ನೋಡಿರದಿದ್ದರೆ ಅವಕಾಶ ಸಿಕ್ಕಾಗ ನೋಡಿ, ಹೆಮ್ಮೆಪಡುವಂತಹ ಕೆಲಸ.

ಆದರೆ ಅದನ್ನು ನೋಡುವಾಗ ಒಂದು ಲೆಕ್ಕ ನೆನಪಿನಲ್ಲಿರಲಿ. ನಾಲ್ಕು ವರ್ಷಗಳ ಚಿತ್ರೀಕರಣ ಒಂದು ಗಂಟೆಯೊಳಗೆ ಮುಗಿಯುತ್ತದೆ. ಕ್ಯಾಮೆರಾ ಹಿಡಿದವರು ನೂರಾರು ಗಂಟೆ ಕಾದು ಕುಳಿತದ್ದು, ಪ್ರಾಣಿ ಬಾರದೇ ಹೋದ ಬೆಳಗುಗಳು, ಹುಲಿ ಸುಮ್ಮನೆ ಮಲಗಿದ್ದ ಮಧ್ಯಾಹ್ನಗಳು ಎಲ್ಲವೂ ಕತ್ತರಿಗೆ ಬಿದ್ದಿವೆ. ಇದರಲ್ಲಿ ಮೋಸವಿಲ್ಲ, ಕತೆ ಹೇಳುವ ರೀತಿಯೇ ಹಾಗೆ. ಸದ್ದಿನ ವಿಷಯವೂ ಅಷ್ಟೆ. ಉದ್ದನೆಯ ಲೆನ್ಸು ನೂರಾರು ಅಡಿ ದೂರದ ಜಿಂಕೆಯನ್ನು ಹತ್ತಿರ ಎಳೆದು ತರಬಲ್ಲದು, ಆದರೆ ಮೈಕಿಗೆ ಅದರ ಹೆಜ್ಜೆಯ ಸಪ್ಪಳ ಕೇಳಿಸದು. ನೀವು ಕೇಳುವ ಎಲೆಯ ಸರಪರ, ಮೂಳೆ ಮುರಿಯುವ ಸದ್ದು, ರೆಕ್ಕೆಯ ಬಡಿತ ಹಲವು ಸಾಕ್ಷ್ಯಚಿತ್ರಗಳಲ್ಲಿ ಸ್ಟುಡಿಯೋದಲ್ಲಿ ಮನುಷ್ಯರು ಬಟ್ಟೆ, ಒಣಹುಲ್ಲು ಹಿಡಿದು ಮಾಡಿದ್ದು. ಕೆಲವೊಮ್ಮೆ ಇದು ಮಿತಿ ಮೀರಿದ್ದೂ ಉಂಟು. ಡಿಸ್ನಿ ಸಂಸ್ಥೆಯ 1958ರ 'ವೈಟ್ ವೈಲ್ಡರ್‌ನೆಸ್' ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ತಾವಾಗಿಯೇ ನೀರಿಗೆ ಹಾರಿ ಸಾಯುವುದನ್ನು ತೋರಿಸಿದರು, ಅದಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು. ವಾಸ್ತವವಾಗಿ ಅವನ್ನು ಬೇರೆಡೆಯಿಂದ ತಂದು ತಳ್ಳಿದ್ದರೆಂದು 1982ರಲ್ಲಿ ಕೆನಡಾದ ಟಿ.ವಿ. ಕಾರ್ಯಕ್ರಮವೊಂದು ಬಯಲಿಗೆಳೆಯಿತು. 2011ರಲ್ಲಿ ಬಿ.ಬಿ.ಸಿ.ಯ 'ಫ್ರೋಜನ್ ಪ್ಲಾನೆಟ್' ಸರಣಿಯಲ್ಲಿ ಹಿಮಕರಡಿಯ ಹಸುಳೆಗಳನ್ನು ತೋರಿಸಿದ ದೃಶ್ಯ ನೆದರ್ಲೆಂಡಿನ ಮೃಗಾಲಯದ್ದೆಂದು ತಿಳಿದಾಗಲೂ ದೊಡ್ಡ ಚರ್ಚೆಯಾಯಿತು.

ಇವೆಲ್ಲ ಚೌಕಟ್ಟಿನೊಳಗಿನ ಮಾತು. ನನ್ನ ನಿಜವಾದ ಚಿಂತೆ ಇರುವುದು ಚೌಕಟ್ಟಿನ ಹೊರಗೆ ಉಳಿದದ್ದರ ಬಗ್ಗೆ.

ಎಚ್.ಡಿ. ಪರದೆಯ ಚಿರತೆಯನ್ನು ನೆನಪಿಸಿಕೊಳ್ಳಿ. ಬಂಡೆಯ ಮೇಲೆ ಎಳೆಬಿಸಿಲಿನಲ್ಲಿ ಮಲಗಿದೆ, ಮೈಮೇಲಿನ ಒಂದೊಂದು ಮಚ್ಚೆಯೂ ಎಣಿಸುವಷ್ಟು ಸ್ಪಷ್ಟ, ಮರಿ ಬಾಲದ ಜೊತೆ ಆಡುತ್ತಿದೆ. ಇಂಥ ಸೌಂದರ್ಯವನ್ನು ಕಂಡು ಸೃಷ್ಟಿಕರ್ತನನ್ನು ಸ್ತುತಿಸದವರು ಯಾರು? ಈಗ ಪಾಂಡವಪುರದ ಕಬ್ಬಿನ ಗದ್ದೆಗೆ ಬನ್ನಿ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಿದೆ, ನೀರು ಹಾಯಿಸಲು ರೈತ ಟಾರ್ಚು ಹಿಡಿದು ಬದುವಿನ ಮೇಲೆ ಒಬ್ಬನೇ ಹೋಗುತ್ತಿದ್ದಾನೆ. ಆಳೆತ್ತರದ ಕಬ್ಬು ಚಿರತೆಗೆ ಒಳ್ಳೆಯ ಮರೆ, ಊರ ನಾಯಿ, ಮೇಕೆ ಅದಕ್ಕೆ ಸುಲಭದ ಊಟ. ಕಬ್ಬು ಕಡಿಯುವ ಕಾಲದಲ್ಲಿ ತರಗಿನ ನಡುವೆ ಮರಿಗಳು ಸಿಗುವುದೂ ಉಂಟು. ಆಗ ಕುಡುಗೋಲು ಹಿಡಿದ ಹೆಣ್ಣುಮಗಳ ಎದೆ ಏನಾಗಬೇಡ! 2022ರ ಕೊನೆಯಲ್ಲಿ ಚಿರತೆ ಕೆ.ಆರ್.ಎಸ್. ಬೃಂದಾವನಕ್ಕೇ ಬಂದು, ಅಲ್ಲಿಗೆ ಪ್ರವಾಸಿಗರ ಪ್ರವೇಶವನ್ನು ನಿಲ್ಲಿಸಬೇಕಾಯಿತು. ಅದೇ ಸುಮಾರಿಗೆ, 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ, ಪಕ್ಕದ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ಹನ್ನೊಂದು ವರ್ಷದ ಬಾಲಕನೂ ಇದ್ದ.

ಎರಡೂ ಒಂದೇ ಪ್ರಾಣಿ. ಆದರೆ ಪರದೆಯನ್ನು ಮಾತ್ರ ಕಂಡವನು ನಗರದ ಸೋಫಾದ ಮೇಲೆ ಕುಳಿತು, "ಈ ಹಳ್ಳಿಯವರಿಗೆ ಪ್ರಾಣಿಗಳ ಮೇಲೆ ಕರುಣೆಯೇ ಇಲ್ಲ" ಎನ್ನುತ್ತಾನೆ. ಗದ್ದೆಯನ್ನು ಮಾತ್ರ ಕಂಡವನು ಬೋನಿಗೆ ಬಿದ್ದ ಚಿರತೆಗೆ ಕಲ್ಲೆಸೆಯುತ್ತಾನೆ. ಇಬ್ಬರಿಗೂ ಅರ್ಧ ಮಾತ್ರ ಗೊತ್ತು. ಚಿರತೆ ಸಾಮಾನ್ಯವಾಗಿ ಮನುಷ್ಯನಿಂದ ದೂರವಿರಲು ಬಯಸುವ ಪ್ರಾಣಿ ಎಂಬುದನ್ನು, ಮರಿಗಳನ್ನು ಎತ್ತಿಕೊಂಡು ಹೋಗದೆ ಸಿಕ್ಕಿದ ಜಾಗದಲ್ಲೇ ಬಿಟ್ಟರೆ ತಾಯಿ ರಾತ್ರಿ ಬಂದು ಒಯ್ಯುವ ಸಂಭವ ಹೆಚ್ಚು ಎಂಬುದನ್ನು ರೈತನಿಗೆ ಒಳ್ಳೆಯ ಸಾಕ್ಷ್ಯಚಿತ್ರವೇ ಕಲಿಸಬಲ್ಲದು. ಹಗಲು ಕರೆಂಟು ಕೊಟ್ಟರೆ ಎಷ್ಟೋ ಭಯ ತಪ್ಪುತ್ತದೆ ಎಂಬುದನ್ನು ಮಾತ್ರ ಯಾವ ಲೆನ್ಸೂ ನಗರದವನಿಗೆ ತೋರಿಸುವುದಿಲ್ಲ. ಸುಂದರ ಚಿತ್ರಕ್ಕಾಗಿ ವಿದ್ಯುತ್ ಕಂಬವನ್ನೂ ಪಂಪ್‌ಸೆಟ್ಟನ್ನೂ ಮನುಷ್ಯನನ್ನೂ ಚೌಕಟ್ಟಿನಿಂದ ಆಚೆ ಇಡುವುದು ಈ ಕಲೆಯ ಹಳೆಯ ಅಭ್ಯಾಸ. ಸಮೂಹ ಮಾಧ್ಯಮಗಳು ಕೆಲವೊಮ್ಮೆ ಇತರರ ನೋವು ಮತ್ತು ಭಯ ನಮ್ಮನ್ನು ನೇರವಾಗಿ ಮುಟ್ಟದಂತೆ ತಡೆಯುತ್ತವೆ ಎಂದು ಜಗದ್ಗುರು ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸಿ' ಪರಿಪತ್ರದಲ್ಲಿ ಎಚ್ಚರಿಸಿದ್ದು ಇಂಥ ಸಂದರ್ಭಕ್ಕೇ ಹೊಂದುತ್ತದೆ.

ಇಲ್ಲಿ ಒಬ್ಬರು ನನ್ನನ್ನು ಪ್ರಶ್ನಿಸಬಹುದು. "ಯೋಬನ ಗ್ರಂಥದಲ್ಲಿ ದೇವರು ತೋರಿಸುವ ಪ್ರಾಣಿಗಳ ನಡುವೆಯೂ ಮನುಷ್ಯನಿಲ್ಲವಲ್ಲ, ಫಾದರ್?" ಸರಿಯಾದ ಪ್ರಶ್ನೆ. 38, 39ನೆಯ ಅಧ್ಯಾಯಗಳನ್ನು ತೆರೆದು ನೋಡಿ. ಸಿಂಹ, ಕಾಡುಮೇಕೆಯ ಹೆರಿಗೆ, ಉಷ್ಟ್ರಪಕ್ಷಿಯ ಓಟ, ಹದ್ದಿನ ಗೂಡು ಒಂದರ ಹಿಂದೆ ಒಂದು ಬರುತ್ತವೆ. ಮಳೆ ಕೂಡ ಮನುಷ್ಯರಿಲ್ಲದ ನೆಲದ ಮೇಲೆ ಸುರಿಯುತ್ತದೆ. ಎಲ್ಲವೂ ನಮಗಾಗಿಯೇ ಇರುವುದಲ್ಲ ಎಂಬ ಪಾಠ ಅದು, ನಮಗೆ ಬೇಕಾದ ಪಾಠವೇ. ಆದರೆ ಅದನ್ನೆಲ್ಲ ಯಾರಿಗೆ ತೋರಿಸಲಾಗುತ್ತಿದೆ ಎಂಬುದನ್ನೂ ಗಮನಿಸಿ. ಮಕ್ಕಳನ್ನು ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತವನಿಗೆ. ನೊಂದ ಮನುಷ್ಯ ಅಲ್ಲಿ ಚೌಕಟ್ಟಿನ ಹೊರಗಿಲ್ಲ. ತೋರಿಸುವವನ ಎದುರಿಗೇ ಇದ್ದಾನೆ.

ಮನುಷ್ಯನನ್ನೂ ಹಕ್ಕಿಯನ್ನೂ ಒಂದೇ ಚೌಕಟ್ಟಿನಲ್ಲಿ ನೋಡಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರಿದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ, ಆಲದ ಮರಗಳಲ್ಲೇ, ಮನೆಗಳ ತಲೆಯ ಮೇಲೆಯೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಕಾಣುತ್ತಾರೆ, ಹಿಕ್ಕೆಯನ್ನು ಗೊಬ್ಬರವಾಗಿ ಬಳಸುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು 'ಹೆಜ್ಜಾರ್ಲೆ ಬಳಗ'ದ ಯುವಕರು ಸಾಕಿ ಬೆಳೆಸಿದ್ದಾರೆ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ನಾಗಮಂಗಲದವರಿಗೆ ಆದಿಚುಂಚನಗಿರಿಯ ನವಿಲುಗಳಿವೆ, ಪಾಂಡವಪುರದವರಿಗೆ ತೋಳಗಳಿಗಾಗಿ ಮೀಸಲಾದ ಮೇಲುಕೋಟೆಯ ಕಾಡಿದೆ. ಕೆ.ಆರ್. ಪೇಟೆಯವರು ತಮ್ಮ ಊರಿನ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಅರ್ಧ ಗಂಟೆ ನಿಂತರೂ ಸಾಕು, ಒಂದು ಮಿಂಚುಳ್ಳಿಯಾದರೂ ಕಾಣದೆ ಇರದು.

ಎಲ್ಲಕ್ಕಿಂತ ಹತ್ತಿರ ರಂಗನತಿಟ್ಟು. ಶ್ರೀರಂಗಪಟ್ಟಣದಿಂದ ನಾಲ್ಕೈದು ಕಿಲೋಮೀಟರು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಂತೆ ಮೈಸೂರು ಅರಸರು 1940ರಲ್ಲಿ ಅದನ್ನು ಪಕ್ಷಿಧಾಮವಾಗಿಸಿದರು. 2022ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಮಕ್ಕಳನ್ನು ಕರೆದುಕೊಂಡು ಹೋಗುವ ಹಿಂದಿನ ರಾತ್ರಿ ಕೊಕ್ಕರೆಯ ಕುರಿತ ಒಂದು ಸಾಕ್ಷ್ಯಚಿತ್ರ ತೋರಿಸಿ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಹೆಚ್ಚಾಗಿ ಸ್ಪರ್ಶದಿಂದ ಹಿಡಿಯುತ್ತದೆ. ಅರ್ಧ ತೆರೆದ ಕೊಕ್ಕನ್ನು ಕೆಸರುನೀರಿನಲ್ಲಿ ಆಚೀಚೆ ಆಡಿಸುತ್ತದೆ, ಮೀನು ತಗುಲಿದೊಡನೆ ಮುಚ್ಚುತ್ತದೆ. ಆ ಕ್ಷಣವನ್ನು ನಿಧಾನಗತಿಯಲ್ಲಿ ತೋರಿಸುವ ಶಕ್ತಿ ಟಿ.ವಿ.ಗೇ ಇರುವುದು, ನಮ್ಮ ಕಣ್ಣಿಗಲ್ಲ. ಮರುದಿನ ದೋಣಿಯಲ್ಲಿ ಕುಳಿತಾಗ ಅದೇ ಕೊಕ್ಕನ್ನು ಮಕ್ಕಳೇ ಗುರುತಿಸುತ್ತಾರೆ. ಮರಿಗಳ ಗದ್ದಲ, ಹಿಕ್ಕೆಯ ವಾಸನೆ, ಬಂಡೆಯ ಮೇಲೆ ಬಾಯಿ ತೆರೆದು ಅಲುಗಾಡದೆ ಮಲಗಿದ ಮೊಸಳೆ ಅಲ್ಲಿ ಸಿಗುತ್ತವೆ. "ಏನೂ ಆಗ್ತಾನೇ ಇಲ್ವಲ್ಲ" ಎಂದು ಮಗು ಗೊಣಗಿದರೆ ಗದರಬೇಡಿ. ಸಾಕ್ಷ್ಯಚಿತ್ರದವರು ಕತ್ತರಿಸಿ ಬಿಸಾಡಿದ ನೂರಾರು ಗಂಟೆಗಳಲ್ಲಿ ಆಗುವುದೇ ಇದು ಎಂದು ಹೇಳಿ, ಸುಮ್ಮನೆ ಇನ್ನೂ ಸ್ವಲ್ಪ ಹೊತ್ತು ನೋಡಲು ಬಿಡಿ.

ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಬರತೊಡಗಿ ಬೇಸಿಗೆಯವರೆಗೆ ಗೂಡಿನಲ್ಲಿರುತ್ತವೆ. ಬೆಳಗಿನ ಹೊತ್ತು ಒಳ್ಳೆಯದು. ಮಳೆಗಾಲದಲ್ಲಿ ಕೆ.ಆರ್.ಎಸ್. ತುಂಬಿ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಆದ್ದರಿಂದ ಆಗ ವಿಚಾರಿಸಿಕೊಂಡೇ ಹೊರಡಿ. ಅಂಬಿಗರಿಗೆ ಹಕ್ಕಿಗಳ ಹೆಸರುಗಳೆಲ್ಲ ಕನ್ನಡದಲ್ಲೇ ಗೊತ್ತು, ಕೇಳಿದರೆ ಸಂತೋಷದಿಂದ ಹೇಳುತ್ತಾರೆ.