ಮುಷ್ಟಿಗಿಂತ ಮೊದಲು ದಮ್ಮು

ತಮ್ಮಾ, ಬೀಳಗಿ, ಜಮಖಂಡಿ, ಮುಧೋಳ ಕಡೆಯ ಹುಡುಗರಿಗೆ ಕುಸ್ತಿಯ ಹುಚ್ಚನ್ನು ಯಾರೂ ಹೊಸದಾಗಿ ಹಿಡಿಸಬೇಕಿಲ್ಲ. ಗರಡಿಮನೆಯ ಮಟ್ಟಿ ಒಮ್ಮೆ ಮೈಗೆ ಹತ್ತಿತೆಂದರೆ ದಂಡ, ಬೈಠಕ್, ಸಂಗ್ರಾಣಿ ಕಲ್ಲು ಎಲ್ಲ ಹಿಂದಿನಿಂದ ಬರುತ್ತವೆ. ಈಗ ನೀನು ಮೊಬೈಲಿನಲ್ಲಿ ಎಂಎಂಎ (ಕುಸ್ತಿ, ಗುದ್ದು, ಒದೆತ ಎಲ್ಲ ಸೇರಿದ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್) ಪಂದ್ಯ ನೋಡಿ, ನಾನೂ ಆ ಜಾಲರಿ ಕಣದೊಳಗೆ ಇಳಿಯುತ್ತೇನೆ ಅನ್ನುತ್ತೀ. ಬೇಡ ಅನ್ನಲಾರೆ. ಆದರೆ ಇಳಿಯುವ ಮುಂಚೆ ಒಂದು ಮಾತು ಕಿವಿಗೆ ಹಾಕಿಕೋ: ಅಲ್ಲಿ ಮೊದಲು ಬೇಕಾದದ್ದು ದಮ್ಮು, ಅದರ ಬೆನ್ನಿಗೆ ಕೈಕಾಲಿನ ಪೆಟ್ಟು. ತೋಳಿನ ಗಾತ್ರ, ಎದೆಯ ಅಗಲ ಎಲ್ಲ ಆಮೇಲಿನ ಮಾತು.

ಜಾತ್ರೆಯ ಕುಸ್ತಿಯ ಲೆಕ್ಕ ಬೇರೆ. ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿಸಿದರೆ ಚಿತ್, ಹಲಗಿ ಬಡಿದು ಗೆದ್ದವನನ್ನು ಮೇಲೆತ್ತುತ್ತಾರೆ. ಎಂಎಂಎಯಲ್ಲಿ ಬೆನ್ನು ನೆಲ ಮುಟ್ಟಿದ ಮೇಲೂ ಪಂದ್ಯ ನಡೆದೇ ಇರುತ್ತದೆ. ಕೆಳಗೆ ಬಿದ್ದವನೇ ನಿನ್ನ ತೋಳು ತಿರುವಬಹುದು, ಕುತ್ತಿಗೆ ಬಿಗಿಯಬಹುದು. ಹರಿಯಾಣದ ರಿತು ಫೋಗಟ್ ಎಂಥ ಕುಸ್ತಿ ಮನೆತನದ ಮಗಳು! 2021ರ ಡಿಸೆಂಬರ್‌ನಲ್ಲಿ ಸಿಂಗಪುರದ ಒನ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ, ಗುದ್ದು-ಒದೆತದ ಮುಯ್ ಥಾಯ್ ಆಡಿ ಬೆಳೆದ ಸ್ಟ್ಯಾಂಪ್ ಫೇರ್‌ಟೆಕ್ಸ್ ಎರಡನೇ ಸುತ್ತಿನಲ್ಲೇ ತೋಳು ಲಾಕ್ ಮಾಡಿ ಆಕೆಯನ್ನು ಸೋಲಿಸಿದಳು. ಬರೀ ಪಟ್ಟು, ಡಾವು ನಂಬಿ ಹೋದರೆ ಸಾಲದು ಅನ್ನುವುದಕ್ಕೆ ಇದೊಂದೇ ಸಾಕು.

ಸಾಮಾನ್ಯ ಪಂದ್ಯಕ್ಕೆ 5 ನಿಮಿಷದ 3 ಸುತ್ತು, ಪಟ್ಟದ ಪಂದ್ಯಕ್ಕೆ, ದಿನದ ಮುಖ್ಯ ಪಂದ್ಯಕ್ಕೆ 5 ಸುತ್ತು, ನಡುನಡುವೆ 1 ನಿಮಿಷ ಬಿಡುವು. ಮೈ ತನ್ನ ಪೂರ್ತಿ ಜೋರು ತೋರಿಸುವುದು ಕೆಲವೇ ಸೆಕೆಂಡು. ಅಲ್ಲಿಂದ ಮುಂದೆ ಶ್ವಾಸಕೋಶ, ಹೃದಯ ಮೈಗೆ ಎಷ್ಟು ಆಮ್ಲಜನಕ ಮುಟ್ಟಿಸುತ್ತವೋ ಅಷ್ಟೇ ಬಲ. ಎದುರಾಳಿಯನ್ನು ಹಿಡಿದು ಜಗ್ಗಾಡಿದಷ್ಟೂ ಮುಂಗೈ ತುಂಬಿ ಕಲ್ಲಾಗುತ್ತದೆ, ಆಮೇಲೆ ಮುಷ್ಟಿ ಬಿಗಿಯುವುದೇ ಇಲ್ಲ. ದಣಿದವನನ್ನು ಸರಿಯಾಗಿ ನೋಡು. ಮೊದಲು ಗದ್ದ ಕಾಯುವ ಕೈ ಕೆಳಗಿಳಿಯುತ್ತದೆ, ಆಮೇಲೆ ಕಾಲು ನೆಲಕ್ಕೆ ಅಂಟುತ್ತದೆ, ಕೊನೆಗೆ ಬಾಯಿ ತೆರೆದುಕೊಳ್ಳುತ್ತದೆ. ತೆರೆದ ದವಡೆಗೆ ಬಿದ್ದ ಪೆಟ್ಟು ಎಂಥವನನ್ನೂ ಮಲಗಿಸುತ್ತದೆ. ದಮ್ಮಿಲ್ಲದ ಮುಷ್ಟಿ ಅಂದರೆ ಕರೆಂಟು ಹೋದ ಪಂಪ್‌ಸೆಟ್ಟು; ಬಾವಿಯಲ್ಲಿ ಎಷ್ಟು ನೀರಿದ್ದರೂ ಕಬ್ಬಿಗೆ ಹನಿ ಮುಟ್ಟುವುದಿಲ್ಲ.

ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ ಎಡಗೈ ಪೆಟ್ಟಿಗೆ ಹೆಸರಾದವನು. 2016ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನಲ್ಲಿ, ಬರೀ 11 ದಿನ ಮೊದಲು ಒಪ್ಪಿಕೊಂಡು ಬಂದ ನೇಟ್ ಡಯಾಜ್ ಎದುರಿಗೆ ನಿಂತ. ಮೊದಲ ಸುತ್ತಿನಲ್ಲಿ ಮೆಕ್‌ಗ್ರೆಗರ್ ಬೀಸಿದ್ದೇ ಬೀಸಿದ್ದು. ಎರಡನೇ ಸುತ್ತಿಗೆ ಅವನ ಉಸಿರು ಮುಗಿಯಿತು. ಓಟ, ಈಜು, ಸೈಕಲ್ ಸೇರಿದ ಟ್ರಯಥ್ಲಾನ್ ಓಡುವ ಡಯಾಜ್‌ನ ಪೆಟ್ಟು ಆಗ ಮುಖಕ್ಕೆ ಕೂರತೊಡಗಿತು. ಕೊನೆಗೆ ಕುತ್ತಿಗೆ ಬಿಗಿದು ಪಂದ್ಯ ಮುಗಿಸಿದ. ಸೋತವನು ದಮ್ಮು ಕಟ್ಟಿಕೊಂಡು ಅದೇ ಆಗಸ್ಟ್‌ನಲ್ಲಿ ಮತ್ತೆ ಬಂದ, 5 ಸುತ್ತೂ ನಿಂತು ತೀರ್ಪುಗಾರರ ಅಂಕದ ಮೇಲೆ ಗೆದ್ದ. ಕೈ ಅದೇ, ಪೆಟ್ಟು ಅದೇ. ಬದಲಾದದ್ದು ಅದನ್ನು ಯಾವಾಗ, ಎಷ್ಟು ಖರ್ಚು ಮಾಡಬೇಕು ಅನ್ನುವ ಲೆಕ್ಕ.

ಹವಾಯಿಯ ಮ್ಯಾಕ್ಸ್ ಹಾಲೊವೇಯನ್ನೂ ನೋಡು. 2021ರ ಜನವರಿಯಲ್ಲಿ ಕ್ಯಾಲ್ವಿನ್ ಕ್ಯಾಟರ್ ಮೇಲೆ 25 ನಿಮಿಷದಲ್ಲಿ 445 ಲೆಕ್ಕಕ್ಕೆ ಬರುವ ಪೆಟ್ಟು ಹಾಕಿದ. 2024ರ ಏಪ್ರಿಲ್‌ನಲ್ಲಿ ಜಸ್ಟಿನ್ ಗೇಚಿಯನ್ನು ಐದನೇ ಸುತ್ತಿನ ಕಟ್ಟಕಡೆಯ ಸೆಕೆಂಡಿನಲ್ಲಿ ಕೆಡವಿದ. ಅಷ್ಟು ಹೊತ್ತು ಬಡಿದಾಡಿದ ಮೇಲೂ ತೋಳಿನಲ್ಲಿ ಅಷ್ಟು ಬಲ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು.

ನಮ್ಮ ದೇಶದವರೂ ಇದೇ ಪಾಠ ಕಲಿಯುತ್ತಿದ್ದಾರೆ. ಉತ್ತರಾಖಂಡದ ಅಂಶುಲ್ ಜುಬ್ಲಿ 2023ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಎರಡು ಸುತ್ತು ದಾಟಿಸಿ ಮೂರನೆಯದರಲ್ಲಿ ಮೈಕ್ ಬ್ರೀಡನ್ ಪೆಟ್ಟಿಗೆ ನಾಕೌಟ್ ಆದ. ವುಶು ಕಲಿತ ಉತ್ತರ ಪ್ರದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಮೂರೂ ಸುತ್ತು ಒದೆತ ಬಿಡದೆ ನಿಂತು, ಮೂವರಲ್ಲಿ ಇಬ್ಬರು ತೀರ್ಪುಗಾರರ ಮತ ಪಡೆದು, ಅಮೆರಿಕದ ದೊಡ್ಡ ಎಂಎಂಎ ಕೂಟ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದಳು. ಇಬ್ಬರ ಪಂದ್ಯವೂ ಇತ್ಯರ್ಥವಾದದ್ದು ದಣಿವಿನ ಹೊತ್ತಿನಲ್ಲೇ.

ಹಾಗಾದರೆ ನೀನು ಏನು ಮಾಡಬೇಕು? ಗರಡಿ ಬಿಡಬೇಡ. ಬೈಠಕ್ ಹೊಡೆದ ಸೊಂಟ, ತೊಡೆಯಿಂದಲೇ ಪೆಟ್ಟಿಗೆ ಬಲ ಏರುವುದು. ಅದಕ್ಕೆ ಓಟ ಸೇರಿಸು. ನಮ್ಮ ಕಡೆಯ ಬಿಸಿಲು ನಿನಗೆ ಗೊತ್ತೇ ಇದೆ, ನೇಸರ ಮೂಡುವ ಮುಂಚೆ ಏಳು. ವಾರಕ್ಕೆ ಮೂರು ದಿನ, ಪಕ್ಕದವನ ಜೊತೆ ಮಾತಾಡಲು ಬರುವಷ್ಟು ನಿಧಾನಕ್ಕೆ, ಮುಕ್ಕಾಲು ಗಂಟೆ ಓಡು. ಎರಡು ತಿಂಗಳು ಹೀಗೆ ಬುನಾದಿ ಬಿದ್ದ ಮೇಲೆ, 5 ನಿಮಿಷ ಚೀಲಕ್ಕೆ ಹೊಡೆ, 1 ನಿಮಿಷ ನಿಲ್ಲು, ಮತ್ತೆ 5 ನಿಮಿಷ. ಮೂರನೇ ಸಲವೂ ಕೈ ಗದ್ದದ ಹತ್ತಿರವೇ ಇದ್ದರೆ ನಿನಗೆ ದಮ್ಮು ಬರುತ್ತಿದೆ ಅಂತ ತಿಳಿ.

ಪೆಟ್ಟಿಗೆ ಒಳ್ಳೆಯ ಬಾಕ್ಸಿಂಗ್ ಕೋಚ್ ಹಿಡಿ. ಮೊದಲು ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಒಂದನ್ನೇ ಪಳಗಿಸು. ಹೊಡೆಯುವಾಗ ಉಸಿರು ಹೊರಗೆ ಬಿಡು, ಭುಜ ಸಡಿಲ ಇರಲಿ, ಹೋದ ಕೈ ಹೋದ ದಾರಿಯಲ್ಲೇ ವಾಪಸು ಬರಲಿ. ಕುಸ್ತಿಯವರಿಗೆ ಒಂದು ಕೆಟ್ಟ ರೂಢಿ ಇರುತ್ತದೆ: ತಲೆ ತಗ್ಗಿಸಿ ನೇರ ಕಾಲಿಗೆ ನುಗ್ಗುವುದು. ಇಲ್ಲಿ ಆ ತಲೆಗೆ ಎದುರಾಳಿಯ ಮೊಣಕಾಲು ಕಾದಿರುತ್ತದೆ. ಮುಖಕ್ಕೆ ಜ್ಯಾಬ್ ತೋರಿಸು, ಅವನ ಕೈ ಮೇಲೇಳುತ್ತಲೇ ಕಾಲಿಗೆ ಹೋಗು. ಆಗ ನಿನ್ನ ಹಳೆಯ ಪಟ್ಟಿಗೆ ಎರಡರಷ್ಟು ಬೆಲೆ.

ಇನ್ನು ಜೀವದ ಮಾತು, ಇದನ್ನು ಮಾತ್ರ ಹಗುರಾಗಿ ತಗೋಬೇಡ. ಬಾಕ್ಸಿಂಗ್‌ನಲ್ಲಿ 8–10 ಔನ್ಸ್ ಗ್ಲೌಸ್ ಹಾಕಿದರೆ ಇಲ್ಲಿ ಸುಮಾರು 4 ಔನ್ಸ್ ಮಾತ್ರ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ತಿಂದ ಮೈಸೂರಿನ ಹುಡುಗ ಮನೆಗೆ ಮರಳಲೇ ಇಲ್ಲ. 2015ರಲ್ಲಿ ಮನಿಲಾದಲ್ಲಿ ಚೀನಾದ 21 ವರ್ಷದ ಪಟು ಪಂದ್ಯಕ್ಕೆ ಮುಂಚೆಯೇ, ತೂಕ ಇಳಿಸಲು ಹೋಗಿ ಸತ್ತ. ನೀರು ಬಿಟ್ಟು, ಬೆವರಿಳಿಸಿ ತೂಕ ತಗ್ಗಿಸುವವನು ತನ್ನ ದಮ್ಮನ್ನೇ ಹೊರಗೆ ಚೆಲ್ಲುತ್ತಾನೆ. ನಿನ್ನ ಸಹಜ ತೂಕದಲ್ಲೇ ಆಡು.

ಮೊದಲ ಪಂದ್ಯಕ್ಕೆ ಸಹಿ ಹಾಕುವ ಮುಂಚೆ ಕಣದ ಪಕ್ಕ ಡಾಕ್ಟರ್ ಇರುತ್ತಾರಾ, ಆಂಬುಲೆನ್ಸ್ ನಿಂತಿರುತ್ತದಾ, ಎದುರಾಳಿಯ ತೂಕ ಎಷ್ಟು ಅಂತ ಬಾಯಿಬಿಟ್ಟು ಕೇಳು. ಉತ್ತರ ಸರಿ ಬರದಿದ್ದರೆ ಬಂದ ದಾರಿ ಹಿಡಿ. ಅಭ್ಯಾಸದಲ್ಲಿ ತಲೆಗೆ ಏಟು ಬಿದ್ದು ಕಣ್ಣು ಮಂಜಾದರೆ ಅಂದೇ ನಿಲ್ಲಿಸಿ ಡಾಕ್ಟರಿಗೆ ತೋರಿಸು, ಅವರು ಹೂಂ ಅನ್ನುವ ತನಕ ಗ್ಲೌಸ್ ಮುಟ್ಟಬೇಡ. ನಿನ್ನ ಕೋಚ್ ಎದುರು 5 ನಿಮಿಷದ 3 ಸುತ್ತು ಕೈ ಇಳಿಸದೆ ಆಡುವುದು ರೂಢಿಯಾದ ಮೇಲೆಯೇ ಕಣಕ್ಕೆ ಹೆಸರು ಕೊಡು, ಅಲ್ಲಿಯವರೆಗೆ ಯಾರು ಎಷ್ಟು ಹುರಿದುಂಬಿಸಿದರೂ ಹೂಂ ಅನ್ನಬೇಡ.