ಗುಂಡಿಗೆ ಬಿದ್ದ ಚಕ್ರ: ಕಾರು ಕೊಂಡ ಮಗಳಿಗೆ ಒಂದಿಷ್ಟು ಕಿವಿಮಾತು

ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಎಡಚಕ್ರ ಗುಂಡಿಗೆ ಬಿತ್ತು, ಅಲಾಯ್ ವೀಲಿನ ಅಂಚು ಜಜ್ಜಿದೆ, ಒಳಗೆ ಅಂಟಿಸಿದ್ದ ತೂಕದ ಪಟ್ಟಿ ಕಾಣುತ್ತಿಲ್ಲ, 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ ಅಂತ ಫೋನಿನಲ್ಲಿ ನೀನು ಹೇಳಿದೆ. ಪಂಕ್ಚರ್ ಅಂಗಡಿಯಲ್ಲಿ ಒಂದು ತೂಕ ಅಂಟಿಸಿಕೊಂಡರೆ ಸಾಕಲ್ಲವಾ ದೊಡ್ಡಪ್ಪ ಅಂತಲೂ ಕೇಳಿದೆ. ಸಾಲದು ಪುಟ್ಟಿ. ಏಟು ತಿಂದ ಚಕ್ರಕ್ಕೆ ತೂಕ ಅಂಟಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಅದಕ್ಕೆ ಮುಂಚೆ ನೋಡಬೇಕಾದ್ದು ಬಹಳ ಇದೆ. ನಿನ್ನ ಹಾಗೆ ಹೊಸದಾಗಿ ಕಾರು ಕೊಂಡವರಿಗೂ ಉಪಯೋಗವಾಗಲಿ ಅಂತ ಬರೆದೇ ಕಳಿಸುತ್ತಿದ್ದೇನೆ.

• ಗುಂಡಿಗೆ ಬಿದ್ದ ತಕ್ಷಣ ವೇಗ ಇಳಿಸು. ಘಾಟಿಯ ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡ, ಹಿಂದೆ ಬರುವ ಲಾರಿಯವನಿಗೆ ನೀನು ಕಾಣುವುದಿಲ್ಲ. ನೇರ ರಸ್ತೆ, ಅಗಲದ ಜಾಗ ಸಿಗುವವರೆಗೆ ಮೆಲ್ಲಗೆ ಹೋಗಿ, ನಾಲ್ಕೂ ಇಂಡಿಕೇಟರ್ ಹಾಕಿ ಇಳಿದು ನೋಡು. ಗಾಳಿ ಇಳಿಯುತ್ತಿದ್ದರೆ, ಟೈರಿನ ಪಕ್ಕದಲ್ಲಿ ಬುಗುಟು ಎದ್ದಿದ್ದರೆ, ರಿಮ್ಮಿನ ಅಂಚಿನಲ್ಲಿ ಸೀಳು ಕಂಡರೆ ಅಲ್ಲೇ ಸ್ಟೆಪ್ನಿ ಹಾಕಿಬಿಡು. ಈಗಿನ ಬಹಳ ಕಾರುಗಳಲ್ಲಿ ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಚಿಕ್ಕದು. ಅದರ ಮೇಲೆ 80 ಕಿಲೋಮೀಟರ್ ವೇಗಮಿತಿಯ ಚೀಟಿ ಅಂಟಿಸಿರುತ್ತಾರೆ. ಆ ಚೀಟಿಯನ್ನು ಗೌರವಿಸು. ಹತ್ತಿರದ ಊರು ತಲುಪಲಷ್ಟೇ ಅದು ಇರುವುದು, ತಿಂಗಳುಗಟ್ಟಲೆ ಓಡಿಸಲು ಅಲ್ಲ.

• ಮನೆಗೆ ಬಂದ ಮೇಲೆ ಮೊದಲು ಚಕ್ರದ ಒಳಮೈ ತೊಳೆಸು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಓಡಾಡಿದ ಕಾರುಗಳ ರಿಮ್ಮಿನೊಳಗೆ ಕೆಂಪುಮಣ್ಣು ಮೆತ್ತಿ ಒಣಗಿ ಗಟ್ಟಿಯಾಗಿರುತ್ತದೆ. ತೂಕ ಕಳೆದುಹೋದರೆ ಹೇಗೆ ನಡುಗುತ್ತದೋ, ಒಂದೇ ಕಡೆ ಮಣ್ಣು ಮೆತ್ತಿದರೂ ಹಾಗೆಯೇ ನಡುಗುತ್ತದೆ. ಮಣ್ಣಿನ ಸಮೇತ ಬ್ಯಾಲೆನ್ಸಿಂಗ್ (ತೂಕ ಅಂಟಿಸಿ ಚಕ್ರವನ್ನು ಸರಿದೂಗಿಸುವುದು) ಮಾಡಿಸಿಕೊಂಡರೆ ಆ ಮಣ್ಣು ಉದುರಿದ ದಿನ ಮತ್ತೆ ನಡುಕ ಶುರು. ಸ್ವಚ್ಛ ಚಕ್ರದಲ್ಲಿ ಇನ್ನೊಂದು ಅನುಕೂಲವೂ ಇದೆ: ತೂಕ ಅಂಟಿಸಿದ್ದ ಜಾಗದಲ್ಲಿ ಅಂಟಿನ ಚೌಕ ಗುರುತು ಉಳಿದಿರುತ್ತದೆ. ಅದು ಕಂಡರೆ ತೂಕ ಬಿದ್ದಿರುವ ಸಾಧ್ಯತೆ ಹೆಚ್ಚು.

• ಈಗ ಮುಖ್ಯವಾದ ಮಾತಿಗೆ ಬರುತ್ತೇನೆ: ಬಿರುಕು. ಕಬ್ಬಿಣದ ರಿಮ್ ಏಟು ಬಿದ್ದರೆ ಸೊಟ್ಟಗಾಗುತ್ತದೆ, ಸುತ್ತಿಗೆಯಲ್ಲಿ ಬಡಿದರೆ ಹೆಚ್ಚುಕಡಿಮೆ ಸರಿಯಾಗುತ್ತದೆ. ಅಲಾಯ್ ಹಾಗಲ್ಲ. ಸಾಮಾನ್ಯ ಅಲಾಯ್ ವೀಲ್ ಅಂದರೆ ಅಲ್ಯೂಮಿನಿಯಂಗೆ ನೂರಕ್ಕೆ ಸುಮಾರು 7 ಪಾಲು ಸಿಲಿಕಾನ್, ಚೂರು ಮೆಗ್ನೀಶಿಯಂ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ದದ್ದು. ಹಗುರ, ಗಟ್ಟಿ. ಆದರೆ ಬಗ್ಗುವ ಗುಣ ಕಡಿಮೆ, ಜೋರು ಏಟಿಗೆ ಸೀಳುತ್ತದೆ. ಆ ಸೀಳು ಹೆಚ್ಚಾಗಿ ಹೊರಗೆ ಕಾಣುವ ಚಂದದ ಮುಖದಲ್ಲಿ ಇರುವುದಿಲ್ಲ, ಕಾರಿನ ಅಡಿಗೆ ತಿರುಗಿದ ಒಳ ಅಂಚಿನಲ್ಲಿ ಇರುತ್ತದೆ. ಆದ್ದರಿಂದ ಚಕ್ರ ಬಿಚ್ಚದೆ ನೋಡಿ “ಏನೂ ಆಗಿಲ್ಲ ಮೇಡಂ” ಅಂದವರ ಮಾತನ್ನು ಒಪ್ಪಬೇಡ. ಬಿಚ್ಚಿಸು, ಟೈರನ್ನೂ ಕಳಚಿಸು, ಬೆಳಕಿನಲ್ಲಿ ಸುತ್ತಲೂ ತಿರುಗಿಸಿ ನೋಡು, ಉಗುರಿನಲ್ಲಿ ಅಂಚು ಸವರು. ಕೂದಲೆಳೆಯಷ್ಟು ಗೆರೆ ಕಂಡರೂ ಅನುಮಾನಪಡು. ಅನುಮಾನ ಬಂದ ಕಡೆ ಕೆಂಪು ದ್ರವ ಹಚ್ಚಿ ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯುವ ಪರೀಕ್ಷೆಯೊಂದಿದೆ. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಒಳ್ಳೆಯ ವೀಲ್ ರಿಪೇರಿಯವರ ಹತ್ತಿರ, ಲೇತ್ ಕೆಲಸದವರ ಹತ್ತಿರ ಇದು ಇರುತ್ತದೆ.

• ಬಿರುಕು ಬಿಟ್ಟ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಬೇಡ. ಕೆಲವರು ಮಾಡಿಕೊಡುತ್ತಾರೆ, ಮೇಲೆ ಬಣ್ಣ ಹೊಡೆದರೆ ಗುರುತೇ ಸಿಗುವುದಿಲ್ಲ. ಎರಕವಾದ ಮೇಲೆ ಆ ಲೋಹವನ್ನು ಹದವಾಗಿ ಕಾಯಿಸಿ, ತಣಿಸಿ ಬಲ ಬರಿಸಿರುತ್ತಾರೆ. ವೆಲ್ಡಿಂಗಿನ ಶಾಖಕ್ಕೆ ಸುತ್ತಲಿನ ಜಾಗದ ಆ ಹದ ಕೆಡುತ್ತದೆ, ಬೆಸೆದ ಗೆರೆಯ ಪಕ್ಕದಲ್ಲೇ ಹೊಸ ಸೀಳು ಹುಟ್ಟುತ್ತದೆ. ಅದರಲ್ಲೂ ಚಕ್ರದ ಸ್ಪೋಕ್ ಕಡ್ಡಿಗಳ ಬುಡದಲ್ಲಿ, ನಟ್ ಕೂರುವ ತೂತುಗಳ ಹತ್ತಿರ ಬಿರುಕಿದ್ದರೆ ಎರಡು ಮಾತೇ ಇಲ್ಲ, ಆ ಚಕ್ರ ಗುಜರಿಗೆ. ಗುಜರಿಗೆ ಹಾಕುವಾಗಲೂ ಅಂಚು ಒಡೆಸಿ ಹಾಕು, ಇಲ್ಲದಿದ್ದರೆ ಅದೇ ಚಕ್ರ ಬಣ್ಣ ಹಚ್ಚಿಕೊಂಡು ಇನ್ಯಾರದೋ ಕಾರಿಗೆ ಹೋಗುತ್ತದೆ.

• ಬಿರುಕಿಲ್ಲ, ಬರೀ ಬೆಂಡ್ ಅಂತಾದರೆ ಸ್ವಲ್ಪ ಸಮಾಧಾನ. ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ಕೂರಿಸಿ ಮೆಲ್ಲಗೆ ತಿರುಗಿಸಲು ಹೇಳಿ, ಅಂಚಿನ ಹತ್ತಿರ ಒಂದು ಕಡ್ಡಿ ಹಿಡಿಸು. ಅಂಚು ಕಡ್ಡಿಗೆ ಹತ್ತಿರ ಬಂದು ದೂರ ಹೋಗುವುದು ನಿನ್ನ ಕಣ್ಣಿಗೇ ಕಾಣುತ್ತದೆ. ಸಣ್ಣ ಬೆಂಡನ್ನು ಹೈಡ್ರಾಲಿಕ್ ಪ್ರೆಸ್ ಇರುವವರು ಸರಿಮಾಡಬಲ್ಲರು. ಗ್ಯಾಸ್ ಬೆಂಕಿ ಇಟ್ಟು ಸುತ್ತಿಗೆಯಲ್ಲಿ ಬಡಿಯುವ ಕಡೆಯಿಂದ ಮಾತ್ರ ಎದ್ದು ಬಾ. ಕಬ್ಬಿಣ ಕಾಯುತ್ತಾ ಕೆಂಪಾಗಿ ಎಷ್ಟು ಕಾದಿದೆ ಅಂತ ತೋರಿಸುತ್ತದೆ, ಅಲ್ಯೂಮಿನಿಯಂ ಬಣ್ಣ ಬದಲಿಸದೆಯೇ ಮೆತ್ತಗಾಗಿಬಿಡುತ್ತದೆ. ಬೆಂಡ್ ತೆಗೆದ ಮೇಲೂ ಅದೇ ಜಾಗವನ್ನು ಬಿರುಕಿಗಾಗಿ ಇನ್ನೊಮ್ಮೆ ನೋಡಿಸು.

• ಟೈರಿನ ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಒಳಗಿನ ದಾರಗಳು ಕಡಿದಿವೆ ಎಂದರ್ಥ. ಅದಕ್ಕೆ ಪ್ಯಾಚ್ ಇಲ್ಲ. ಹೊಸ ಟೈರೇ ಗತಿ.

• ದಿನಕ್ಕಿಷ್ಟು ಗಾಳಿ ಇಳಿಯುತ್ತಿದ್ದರೆ ಮೊಳೆ ಹುಡುಕುವ ಮುಂಚೆ ರಿಮ್ಮಿನ ಎರಡೂ ಅಂಚಿಗೆ ಸೋಪುನೀರು ಹಚ್ಚಿಸಿ ನೋಡು. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಲ್ಲುವುದೇ ಟೈರಿನ ತುಟಿ ರಿಮ್ಮಿಗೆ ಒತ್ತಿ ಕೂತಿರುವುದರಿಂದ. ಅಂಚು ಜಜ್ಜಿದ್ದರೆ ಅಲ್ಲಿಂದ ಗುಳ್ಳೆ ಏಳುತ್ತದೆ.

• ಈಗ ತೂಕದ ವಿಷಯ. ಚಕ್ರ ನಡುಗುತ್ತದೆ ಅಂದರೆ ಸಾಮಾನ್ಯವಾಗಿ ಅದರ ಒಂದು ಪಕ್ಕ ಭಾರ. 20 ಗ್ರಾಂ ಏನು ಮಹಾ ಅನಿಸುತ್ತದೆ ಅಲ್ಲವಾ? 100 ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ಸುತ್ತುತ್ತದೆ. ಆಗ 15 ಇಂಚಿನ ರಿಮ್ಮಿನ ಅಂಚಿನಲ್ಲಿ 20 ಗ್ರಾಂ ಏರುಪೇರು ಇದ್ದರೆ ಅದು ಸುಮಾರು ಮೂರು ಕಿಲೋ ಭಾರದ ಬಲದಿಂದ, ಪ್ರತಿ ಸುತ್ತಿಗೂ, ಹಬ್ಬನ್ನು ಹೊರಕ್ಕೆ ಎಳೆಯುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಊರೊಳಗೆ ನಿನಗೆ ಏನೂ ಗೊತ್ತಾಗುವುದಿಲ್ಲ, ಮೈಸೂರು ಹೆದ್ದಾರಿಗೆ ಹತ್ತಿದ ಕೂಡಲೇ ಕೈ ಜುಮ್ಮೆನ್ನುತ್ತದೆ. ಇನ್ನೂ ವೇಗ ಹೆಚ್ಚಿಸಿದರೆ ನಡುಕ ಕಡಿಮೆಯಾದಂತೆ ಅನಿಸುವುದುಂಟು. ಅದನ್ನು ನಂಬಬೇಡ. ಸಸ್ಪೆನ್ಶನ್ನಿನ ಸಹಜ ಕಂಪನಕ್ಕೆ ಚಕ್ರದ ಸುತ್ತು ಸರಿಹೊಂದುವ ವೇಗದಲ್ಲಿ ನಡುಕ ಹೆಚ್ಚಾಗಿ ಕಾಣುತ್ತದೆ, ಅದನ್ನು ದಾಟಿದ ಮೇಲೆ ಕೈಗೆ ತಿಳಿಯದಿದ್ದರೂ ಬಲ ಏರುತ್ತಲೇ ಇರುತ್ತದೆ. ಬೇರಿಂಗ್, ಬಾಲ್ ಜಾಯಿಂಟ್, ಟೈರು ಎಲ್ಲವೂ ಅದರ ಹೊಡೆತ ತಿನ್ನುತ್ತಿರುತ್ತವೆ.

• ನಡುಕ ಸ್ಟೇರಿಂಗಿನಲ್ಲಿ ಬಂದರೆ ಸಾಮಾನ್ಯವಾಗಿ ಮುಂದಿನ ಚಕ್ರದ್ದು, ಸೀಟಿನಲ್ಲಿ, ನೆಲದಲ್ಲಿ ಬಂದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಡಿಸ್ಕ್ ಕಡೆ ನೋಡಿಸು.

• ಬ್ಯಾಲೆನ್ಸಿಂಗ್ ಮಾಡುವಾಗ ಪಕ್ಕದಲ್ಲೇ ನಿಂತುಕೋ. ಹೆಣ್ಣುಮಗಳು ಗ್ಯಾರೇಜಿನಲ್ಲಿ ನಿಂತು ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬೇಡವೇ ಬೇಡ, ದುಡ್ಡು ನಿನ್ನದು, ಜೀವವೂ ನಿನ್ನದು. ಹಳೆಯ ತೂಕಗಳನ್ನೆಲ್ಲ ಮೊದಲು ಕಿತ್ತು ಹಾಕಬೇಕು. ಕೆಲವು ಹುಡುಗರು ಹಳೆಯದರ ಎದುರಿಗೆ ಹೊಸದನ್ನು ಅಂಟಿಸಿ ಸರಿದೂಗಿಸುತ್ತಾರೆ, ಬಿಡಬೇಡ. ಹಳೆಯ ಅಂಟು ಕೆರೆದು, ಆ ಜಾಗವನ್ನು ಥಿನ್ನರಿನಲ್ಲಿ ಒರೆಸಿ ಪೂರ್ತಿ ಒಣಗಿಸಿದ ಮೇಲೆ ತೂಕ ಅಂಟಿಸಿ ಗಟ್ಟಿಯಾಗಿ ಒತ್ತಬೇಕು. ಒದ್ದೆ ರಿಮ್ಮಿಗೆ, ದೂಳಿನ ಮೇಲೆ ಅಂಟಿಸಿದ್ದು ಮುಂದಿನ ಮಳೆಗೆ ಬಿದ್ದುಹೋಗುತ್ತದೆ. ನಿನ್ನದು ಬಿದ್ದದ್ದೂ ಗುಂಡಿಯ ಏಟಿನ ಜೊತೆಗೆ ಹೀಗೆ ಸಡಿಲವಾಗಿ ಅಂಟಿಸಿದ್ದರಿಂದ ಇರಬಹುದು. ಅಂಟಿಸಿದ ಮೇಲೆ ಇನ್ನೊಮ್ಮೆ ತಿರುಗಿಸಿ, ಎರಡೂ ಕಡೆ ಸೊನ್ನೆ ಬಂದದ್ದನ್ನು ಪರದೆಯಲ್ಲಿ ನೀನೇ ಓದು. ಕಬ್ಬಿಣದ ರಿಮ್ಮಿಗೆ ಬಡಿದು ಸಿಕ್ಕಿಸುವ ಕ್ಲಿಪ್ಪಿನ ತೂಕವನ್ನು ಅಲಾಯ್ ಅಂಚಿಗೆ ಹಾಕಲು ಬಿಡಬೇಡ. ಅದು ಸರಿಯಾಗಿ ಕಚ್ಚುವುದಿಲ್ಲ, ಬಣ್ಣವನ್ನೂ ಕೆರೆಯುತ್ತದೆ.

• ನಮ್ಮ ಕಡೆ ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ದುಡ್ಡು. 5 ಗ್ರಾಂ, 10 ಗ್ರಾಂ ತುಂಡುಗಳ ಪಟ್ಟಿ ಬರುತ್ತದೆ, ಎಷ್ಟು ತುಂಡು ಅಂತ ಎಣಿಸಿಕೋ. ಅದಕ್ಕಿಂತ ಮುಖ್ಯ, ಒಂದೇ ಚಕ್ರಕ್ಕೆ 70, 80 ಗ್ರಾಂ ಕೇಳುತ್ತಿದ್ದರೆ ಕೊಡುವುದಕ್ಕೆ ಮುಂಚೆ ಯಾಕೆ ಅಂತ ಕೇಳು. ಅಷ್ಟು ಕೇಳುತ್ತಿದ್ದರೆ ರಿಮ್ ಸೊಟ್ಟ ಇರಬಹುದು, ಮೆಷಿನ್ನಿಗೆ ಚಕ್ರ ಸರಿಯಾಗಿ ಕೂತಿರಲಿಕ್ಕಿಲ್ಲ, ಇಲ್ಲವೇ ಟೈರಿನ ಭಾರದ ಕಡೆ ಮತ್ತು ರಿಮ್ಮಿನ ಭಾರದ ಕಡೆ ಒಂದೇ ಜಾಗಕ್ಕೆ ಬಂದಿರಬಹುದು. ಗಾಳಿ ಬಿಟ್ಟು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ತೂಕದ ಬೇಡಿಕೆ ಬಹಳ ಇಳಿಯುತ್ತದೆ. ಹೊಸ ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಅದರ ಹಗುರ ಜಾಗ, ಅದನ್ನು ವಾಲ್ವ್ ಪಕ್ಕಕ್ಕೇ ತಂದು ಕೂರಿಸುತ್ತಾರೆ. ಸೊಟ್ಟ ರಿಮ್ಮಿಗೆ ಎಷ್ಟೇ ತೂಕ ಹಾಕಿ ಸೊನ್ನೆ ತೋರಿಸಿದರೂ ಅದು ರಸ್ತೆಯ ಮೇಲೆ ಕುಪ್ಪಳಿಸುವುದು ತಪ್ಪುವುದಿಲ್ಲ.

• ಹಳೆಯ ತೂಕಗಳು ಹೆಚ್ಚಾಗಿ ಸೀಸದವು. ಯುರೋಪಿನಲ್ಲಿ 2005ರಿಂದ ಕಾರುಗಳಿಗೆ ಸೀಸದ ತೂಕ ನಿಷೇಧ, ಈಗ ಸತು ಮತ್ತು ಉಕ್ಕಿನವು ಬರುತ್ತವೆ. ಬಿದ್ದ ತುಂಡು ಮನೆಯಂಗಳದಲ್ಲಿ ಸಿಕ್ಕಿದರೆ ಮಗುವಿನ ಕೈಗೆ ಕೊಡಬೇಡ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆ.

• ಚಕ್ರ ವಾಪಸ್ ಹಾಕುವಾಗ ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಒಂದು ಬಿಗಿದು ಅದರ ಎದುರಿನದನ್ನು ಬಿಗಿಯುತ್ತಾ ಹೋಗಬೇಕು. ಗಾಳಿ ಗನ್ನಿನಲ್ಲಿ ಕಿರುಗುಟ್ಟುವವರೆಗೆ ಬಿಗಿದರೆ ಬೋಲ್ಟ್ ಎಳೆದುಕೊಳ್ಳುತ್ತದೆ, ಅಲಾಯ್ ತೂತಿನ ಅಂಚು ಜಜ್ಜುತ್ತದೆ. ಕಾರಿನ ಪುಸ್ತಕದಲ್ಲಿ ಬಿಗಿತದ ಅಳತೆ ಬರೆದಿರುತ್ತದೆ, ಅಳತೆ ತೋರಿಸುವ ಸ್ಪ್ಯಾನರಿನಲ್ಲಿ ಕೊನೆಯ ಬಿಗಿತ ಕೊಡಿಸು. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿಸು.

• ಅಷ್ಟು ಜೋರು ಏಟಿಗೆ ಅಲೈನ್‌ಮೆಂಟ್ ಕೂಡ ತಪ್ಪಿರಬಹುದು. ನೇರ ಹೋಗುವಾಗ ಸ್ಟೇರಿಂಗ್ ಓರೆ ನಿಂತರೆ, ಕಾರು ಒಂದು ಪಕ್ಕಕ್ಕೆ ಎಳೆದರೆ ಅದೇ ಸೂಚನೆ. ಆದರೆ ಮೊದಲು ಲೋಯರ್ ಆರ್ಮ್, ಟೈ ರಾಡ್, ಬುಷ್ ಎಲ್ಲ ನೋಡಿಸು. ಸೊಟ್ಟ ಆರ್ಮ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

• ಚಕ್ರ ಬದಲಿಸಲೇಬೇಕಾದರೆ ಕಂಪನಿಯ ಅದೇ ಅಳತೆಯದ್ದನ್ನೇ ಕೇಳು. ಹೊರಗೆ ಕೊಳ್ಳುವೆಯಾದರೆ ವ್ಯಾಸ ಒಂದೇ ನೋಡಿದರೆ ಸಾಲದು: ಅಗಲ, ಬೋಲ್ಟ್ ತೂತುಗಳ ವೃತ್ತದ ಅಳತೆ, ಆಫ್‌ಸೆಟ್, ನಡುವಿನ ತೂತು ನಾಲ್ಕೂ ಹೊಂದಬೇಕು. ಅಗಲ, ಆಫ್‌ಸೆಟ್ ಸಾಮಾನ್ಯವಾಗಿ ಚಕ್ರದ ಹಿಂಬದಿಯಲ್ಲೇ ಅಚ್ಚಾಗಿರುತ್ತವೆ. ನಡುವಿನ ತೂತು ದೊಡ್ಡದಾದರೆ ಬಳೆಯಂಥ ರಿಂಗ್ ಹಾಕದೆ ಚಕ್ರ ನಟ್ಟನಡುವೆ ಕೂರುವುದಿಲ್ಲ, ಬ್ಯಾಲೆನ್ಸ್ ಆಗಿದ್ದರೂ ನಡುಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ಸೆಕೆಂಡ್ ಹ್ಯಾಂಡ್ ಅಗ್ಗವಾಗಿ ಸಿಕ್ಕಿತು ಅಂತ ಹೊಸ ಬಣ್ಣದ ಚಕ್ರ ತರಬೇಡ. ಬಣ್ಣದಡಿ ಬಿರುಕಿದೆಯೋ ಬೆಸುಗೆ ಇದೆಯೋ ಯಾರು ಬಲ್ಲರು? ಹಳೆಯದೇ ಬೇಕೆಂದರೆ ಮೂಲ ಬಣ್ಣ ಉಳಿದದ್ದನ್ನು, ಮೆಷಿನ್ನಿನಲ್ಲಿ ತಿರುಗಿಸಿ ನೋಡಿ ಕೊಳ್ಳು.

• ವಿಮೆ ಕೇಳುವುದಕ್ಕೆ ಮುಂಚೆ ಲೆಕ್ಕ ಹಾಕು. 1500 ಸಿಸಿ ಒಳಗಿನ ಕಾರಿಗೆ ಕ್ಲೇಮಿನಲ್ಲಿ 1000 ರೂಪಾಯಿ ಕಡ್ಡಾಯವಾಗಿ ನಿನ್ನ ಕೈಯಿಂದ. ಟೈರು ಒಂದೇ ಹಾಳಾದರೆ ಸಾಮಾನ್ಯ ಪಾಲಿಸಿ ಏನೂ ಕೊಡುವುದಿಲ್ಲ, ಕಾರಿಗೂ ಪೆಟ್ಟಾಗಿದ್ದರೆ ಬದಲಿ ಟೈರಿನ ಬೆಲೆಯಲ್ಲಿ ಅರ್ಧದವರೆಗೆ ಕೊಡುತ್ತದೆ. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಒಂದು ಚಕ್ರಕ್ಕಾಗಿ ಅದು ಗಿಟ್ಟುವುದು ಅಪರೂಪ.

• ಬರೀ ಗೀರು ಬಿದ್ದಿದ್ದರೆ ತಲೆ ಕೆಡಿಸಿಕೊಳ್ಳಬೇಡ. ಅಂದ ಆಮೇಲೆ ನೋಡಿಕೊಳ್ಳಬಹುದು.

• ಇನ್ನು ಮುಂದಕ್ಕೆ: ಎರಡು ವಾರಕ್ಕೊಮ್ಮೆ ಬೆಳಿಗ್ಗೆ, ಟೈರು ತಣ್ಣಗಿದ್ದಾಗ, ಡ್ರೈವರ್ ಬಾಗಿಲ ಹತ್ತಿರ ಅಂಟಿಸಿದ ಚೀಟಿಯಷ್ಟು ಗಾಳಿ ಇದೆಯೇ ನೋಡಿಸು. ಗಾಳಿ ಕಡಿಮೆ ಇದ್ದರೆ ಗುಂಡಿಯ ಅಂಚು ಟೈರನ್ನು ಒತ್ತಿ ನೇರ ರಿಮ್ಮಿಗೇ ಹೊಡೆಯುತ್ತದೆ. ಗುಂಡಿ ತಪ್ಪಿಸಲಾಗದಿದ್ದರೆ ಅದಕ್ಕೆ ಮುಂಚೆಯೇ ಬ್ರೇಕ್ ಹಿಡಿ, ಚಕ್ರ ಇಳಿಯುವ ಹೊತ್ತಿಗೆ ಬಿಟ್ಟುಬಿಡು. ಮಳೆನೀರು ನಿಂತ ಗುಂಡಿಯ ಆಳ ಯಾರಿಗೂ ಕಾಣದು, ಅದನ್ನು ದೊಡ್ಡದೆಂದೇ ತಿಳಿದು ನಡೆ.

ಈ ಶನಿವಾರವೇ ರಜೆ ನೋಡಿಕೊಂಡು ಚಕ್ರ ಬಿಚ್ಚಿಸಿ, ಟೈರು ಕಳಚಿಸಿ ಒಳ ಅಂಚು ನೋಡಮ್ಮಾ. ಅದಾಗುವವರೆಗೆ ಹೆದ್ದಾರಿಗೆ ಕಾರು ತೆಗೆಯಬೇಡ, ಊರಿಗೆ ಬರುವುದಿದ್ದರೆ ಬಸ್ಸಿನಲ್ಲಿ ಬಾ.