ಮೂವತ್ತಕ್ಕೇ ನಿಂತ ತಪಾಸಣೆ

ನಿಮ್ಮ ಕಂಪನಿಯಲ್ಲಿ 200ಕ್ಕೂ ಹೆಚ್ಚು ರೆಪೊಸಿಟರಿಗಳಿದ್ದರೂ ಅವುಗಳ ಸೆಟ್ಟಿಂಗ್ ತಪಾಸಣೆ ಮಾಡುವ ಸ್ಕ್ರಿಪ್ಟ್ 30ನ್ನಷ್ಟೇ ತೋರಿಸುತ್ತಿದೆ ಎಂದು ಬರೆದಿದ್ದೀರಿ. ಗಿಟ್‌ಹಬ್ ಎಪಿಐ ತಾನಾಗಿ ಪುಟಕ್ಕೆ ಕೊಡುವುದೇ 30, ಕೇಳಿದರೆ 100ರವರೆಗೆ. ಕೊನೆಯ ಪುಟದವರೆಗೂ ಹೋಗುವಂತೆ ಬರೆಯಿರಿ. ಅರ್ಧ ಪಟ್ಟಿ ನೋಡಿ ನೆಮ್ಮದಿಯಾಗಿದ್ದವರನ್ನು ನಾನು ಕಂಡಿದ್ದೇನೆ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಬ್ರಾಂಚ್ ರಕ್ಷಣೆಯ ಬಗ್ಗೆ ಕೇಳಿದಾಗ ಬರುವ 404ಕ್ಕೆ ಮುಖ್ಯವಾಗಿ ಎರಡು ಅರ್ಥ: ರಕ್ಷಣೆಯೇ ಇಲ್ಲ, ಇಲ್ಲವೇ ನಿಮ್ಮ ಟೋಕನ್‌ಗೆ ನೋಡುವ ಅಧಿಕಾರವಿಲ್ಲ. ಜೊತೆಗೆ ಬರುವ ಸಂದೇಶ ಓದಿ ಬೇರ್ಪಡಿಸಿ. ಎರಡನೆಯದನ್ನು ‘ಗೊತ್ತಿಲ್ಲ’ ಎಂದೇ ದಾಖಲಿಸಿ. ರಕ್ಷಣೆ ರೂಲ್‌ಸೆಟ್‌ಗಳ ಮೂಲಕವೂ ಇರಬಹುದು; ಅವನ್ನು ಪ್ರತ್ಯೇಕವಾಗಿ ಕೇಳಬೇಕು.

ತಪಾಸಣೆಯ ಟೋಕನ್‌ಗೆ ಓದುವ ಅನುಮತಿಯಷ್ಟೇ ಸಾಕು. ಆದರೆ ನೀವು ಸೆಟ್ಟಿಂಗ್ ತಿದ್ದಬಲ್ಲ ಟೋಕನ್ನನ್ನು ಸ್ಕ್ರಿಪ್ಟಿನೊಳಗೇ ಬರೆದಿಟ್ಟಿದ್ದೀರಿ. ದಯವಿಟ್ಟು ಇವತ್ತೇ ಅದನ್ನು ರದ್ದುಮಾಡಿ.